ಸೋಂಕು ಹುಡುಕುವ ಸ್ಕ್ಯಾನ್: ಚೀಟಿ ಕೈಗೆ ಬಂದ ಮೇಲೆ ಏನೇನು ಮಾಡಬೇಕು

ಮೂರು ವಾರದಿಂದ ಜ್ವರ. ಟೈಫಾಯ್ಡ್ ಇಲ್ಲ, ಡೆಂಗಿ ಇಲ್ಲ, ಮಲೇರಿಯಾ ಇಲ್ಲ, ಎದೆಯ ಎಕ್ಸ್‌ರೇ ಚೆನ್ನಾಗಿದೆ, ಆದರೂ ಸಂಜೆಯಾದರೆ ಮೈ ಸುಡುತ್ತದೆ. ಅಥವಾ ಮಂಡಿ ಬದಲಾಯಿಸಿ ಎರಡು ವರ್ಷ ಆಗಿದೆ, ಈಗ ಮತ್ತೆ ನೋವು ಶುರು. ಅಥವಾ ಶುಗರ್ ಇರುವವರ ಪಾದದ ಹುಣ್ಣು ಮಾಯುತ್ತಲೇ ಇಲ್ಲ, ಒಳಗಿನ ಮೂಳೆಗೂ ಇಳಿದಿದೆಯಾ ಅಂತ ಅನುಮಾನ. ಇಂಥ ಹೊತ್ತಲ್ಲಿ ಡಾಕ್ಟರು ‘ನ್ಯೂಕ್ಲಿಯರ್ ಮೆಡಿಸಿನ್‌ಗೆ ಹೋಗಿ ಒಂದು ಸ್ಕ್ಯಾನ್ ಮಾಡಿಸಿ’ ಅಂತ ಚೀಟಿ ಬರೆಯುತ್ತಾರೆ. ಚೀಟಿಯಲ್ಲಿ ಪೆಟ್ ಸಿಟಿ ಅಂತಲೋ, ಬೋನ್ ಸ್ಕ್ಯಾನ್ ಅಂತಲೋ, ಡಬ್ಲ್ಯುಬಿಸಿ ಸ್ಕ್ಯಾನ್ ಅಂತಲೋ ಇರುತ್ತದೆ. ಮನೆಯವರಿಗೆ ತಕ್ಷಣ ಬರುವ ಪ್ರಶ್ನೆ ಎರಡು. ಇದು ಕ್ಯಾನ್ಸರಿಗೆ ಮಾಡೋ ಟೆಸ್ಟ್ ಅಲ್ವಾ? ಮೈಯೊಳಗೆ ವಿಕಿರಣ ಹಾಕ್ತಾರಾ?

ಕ್ಯಾನ್ಸರಿಗೆ ಜಾಸ್ತಿ ಬಳಸುತ್ತಾರೆ ನಿಜ, ಅದಕ್ಕೆ ಮಾತ್ರ ಅಲ್ಲ. ವಿಕಿರಣ ಹಾಕುತ್ತಾರೆ, ಹೌದು, ಎಷ್ಟು ಅಂತ ಮುಂದೆ ಲೆಕ್ಕ ಕೊಟ್ಟಿದ್ದೇನೆ. ಆದರೆ ಇವೆರಡಕ್ಕಿಂತ ಮುಖ್ಯವಾದ ಒಂದು ವಿಷಯ ಮೊದಲೇ ತಿಳಿದಿದ್ದರೆ ಮುಂದಿನ ಗಾಬರಿ ಎಷ್ಟೋ ಕಡಿಮೆಯಾಗುತ್ತದೆ. ಈ ಸ್ಕ್ಯಾನ್ ತೊಂದರೆ ಎಲ್ಲಿದೆ ಅಂತ ತೋರಿಸುತ್ತದೆ. ಏನು ಅಂತ ಹೇಳುವುದು ಹೆಚ್ಚಿನ ಸಲ ಅದರ ಕೈಲಿ ಆಗುವುದಿಲ್ಲ.

ಎಕ್ಸ್‌ರೇ, ಸಿಟಿ ಇವೆಲ್ಲ ಆಕಾರ ನೋಡುತ್ತವೆ. ಮೂಳೆ ಸವೆದಿದೆಯಾ, ಕೀವು ಕಟ್ಟಿದೆಯಾ ಅಂತ. ಆದರೆ ಆಕಾರ ಕೆಡುವ ಮೊದಲೇ ಆ ಜಾಗದಲ್ಲಿ ಓಡಾಟ ಶುರುವಾಗಿರುತ್ತದೆ. ರಕ್ತ ಜಾಸ್ತಿ ಹರಿಯುತ್ತದೆ, ಬಿಳಿ ರಕ್ತಕಣಗಳು ಬಂದು ಸೇರುತ್ತವೆ, ಅವು ಸಕ್ಕರೆಯನ್ನು ಎಡೆಬಿಡದೆ ಬಳಸುತ್ತವೆ. ಈ ಓಡಾಟದ ಜೊತೆಗೇ ಹೋಗಿ ಸೇರಿಕೊಳ್ಳುವ, ವಿಕಿರಣ ಸೂಸುವ ಔಷಧವೇ ಟ್ರೇಸರ್. ಹೊರಗಿನ ಕ್ಯಾಮೆರಾ ಅದು ಎಲ್ಲೆಲ್ಲಿ ಕೂತಿದೆ ಅಂತ ನೋಡುತ್ತದೆ, ಅಷ್ಟೇ.

ಈ ಉಪಾಯದ ಹಿಂದೆ ಒಂದು ಊಟದ ಕಥೆ ಇದೆ. ಹಂಗೇರಿಯ ಜಾರ್ಜ್ ಡಿ ಹೆವೆಸಿ 1911ರ ಹೊತ್ತಿಗೆ ಮ್ಯಾಂಚೆಸ್ಟರಿನಲ್ಲಿ ಒಬ್ಬರ ಮನೆಯಲ್ಲಿ ಊಟ ವಸತಿಗೆ ಇದ್ದರು. ಭಾನುವಾರ ಉಳಿದ ಮಾಂಸವನ್ನೇ ಮನೆಯೊಡತಿ ವಾರವೆಲ್ಲ ಬೇರೆ ಬೇರೆ ರೂಪದಲ್ಲಿ ಬಡಿಸುತ್ತಾಳೆ ಅಂತ ಅವರಿಗೆ ಅನುಮಾನ. ತಟ್ಟೆಯಲ್ಲಿ ಬಿಟ್ಟ ಚೂರಿಗೆ ಒಂದಿಷ್ಟು ವಿಕಿರಣ ವಸ್ತು ಸೇರಿಸಿದರಂತೆ, ಕೆಲವು ದಿನದ ಮೇಲೆ ಬಂದ ಖಾದ್ಯದ ಹತ್ತಿರ ಉಪಕರಣ ಹಿಡಿದರೆ ಗುಟ್ಟು ರಟ್ಟಾಯಿತಂತೆ. ವಿಕಿರಣದ ಜಾಡು ಹಿಡಿದು ಹುಡುಕುವ ವಿಧಾನಕ್ಕೇ ಅವರಿಗೆ 1943ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಮೊದಲು: ನಿಜಕ್ಕೂ ಬೇಕಾ ಅಂತ ಕೇಳಿ

ನ್ಯುಮೋನಿಯಾಗೆ, ಮೂತ್ರದ ಸೋಂಕಿಗೆ, ಗಂಟಲು ನೋವಿಗೆ ಇದು ಬೇಡ. ಹೊಟ್ಟೆಯಲ್ಲಿ ಕೀವು ಅಂತ ಅನುಮಾನ ಇದ್ದರೆ ಅಲ್ಟ್ರಾಸೌಂಡ್, ಸಿಟಿ ಮೊದಲು. ಬೆನ್ನುಮೂಳೆಯಾದರೆ ಎಂಆರ್‌ಐ ಮೊದಲು. ಇವುಗಳಿಂದ ಗೊತ್ತಾಗದಿದ್ದಾಗ, ಅಥವಾ ಮೈಯೊಳಗೆ ಲೋಹ ಇದ್ದು ಚಿತ್ರ ಕೆಡುತ್ತಿರುವಾಗ, ಅಥವಾ ಎಲ್ಲಿ ಹುಡುಕಬೇಕು ಅಂತಲೇ ತಿಳಿಯದಿದ್ದಾಗ ಟ್ರೇಸರ್ ಸ್ಕ್ಯಾನಿಗೆ ಬೆಲೆ ಬರುತ್ತದೆ. ಕೃತಕ ಕೀಲು, ಕೃತಕ ಹೃದಯ ಕವಾಟ, ರಕ್ತನಾಳಕ್ಕೆ ಹಾಕಿದ ಗ್ರಾಫ್ಟ್ (ಕೃತಕ ಕೊಳವೆ), ಮಾಯದ ಮೂಳೆ ಸೋಂಕು, ಕಾರಣ ಸಿಗದ ಜ್ವರ, ದೊಡ್ಡ ರಕ್ತನಾಳಗಳ ಉರಿಯೂತ, ಸಾರ್ಕಾಯ್ಡ್ (ಸೋಂಕಿಲ್ಲದೆಯೇ ಉರಿಯೂತದ ಗಂಟು ಕಟ್ಟುವ ಕಾಯಿಲೆ) ಇವು ಮುಖ್ಯವಾದ ಕಾರಣಗಳು.

ಡಾಕ್ಟರ ಹತ್ತಿರ ಒಂದು ನೇರ ಪ್ರಶ್ನೆ ಕೇಳಿ: ‘ಈ ಸ್ಕ್ಯಾನಿನಲ್ಲಿ ಏನು ಸಿಕ್ಕರೆ ಏನು ಮಾಡ್ತೀರಿ, ಏನೂ ಸಿಗದಿದ್ದರೆ ಏನು ಮಾಡ್ತೀರಿ?’ ಎರಡಕ್ಕೂ ಒಂದೇ ಉತ್ತರ ಬಂದರೆ ಸ್ಕ್ಯಾನ್ ಯಾಕೆ ಅಂತ ಇನ್ನೊಮ್ಮೆ ಕೇಳುವುದರಲ್ಲಿ ತಪ್ಪಿಲ್ಲ. ಇನ್ನೊಂದು ಮಾತು. ಕಾರಣ ಸಿಗದ ಜ್ವರಕ್ಕೆ ಪೆಟ್ ಮಾಡಿಸುವ ಮೊದಲು, ಉರಿಯೂತ ಇದೆಯಾ ಅಂತ ತೋರಿಸುವ ರಕ್ತ ಪರೀಕ್ಷೆಗಳಾದ ಸಿಆರ್‌ಪಿ, ಇಎಸ್‌ಆರ್ ಎಷ್ಟಿದೆ ನೋಡಿಸಿ. ಅವು ಏರಿದ್ದಾಗ ಪೆಟ್‌ನಲ್ಲಿ ಏನಾದರೂ ಸಿಗುವ ಸಂಭವ ಜಾಸ್ತಿ. ಎರಡೂ ಮಾಮೂಲಿಯಾಗಿದ್ದರೆ ಖರ್ಚು ಮಾಡಿ ಬರಿಗೈಯಲ್ಲಿ ಬರುವ ಸಂಭವವೇ ಹೆಚ್ಚು.

ಆಮೇಲೆ: ನಿಮ್ಮದು ಯಾವ ಸ್ಕ್ಯಾನ್ ಅಂತ ಗುರುತಿಸಿಕೊಳ್ಳಿ

ತಯಾರಿ, ಸಮಯ, ಖರ್ಚು ಎಲ್ಲ ಇದರ ಮೇಲೇ ನಿಂತಿದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೂರು ಹಂತದ ಬೋನ್ ಸ್ಕ್ಯಾನ್ ಎಲ್ಲಕ್ಕಿಂತ ಸುಲಭ. ಟೆಕ್ನೀಷಿಯಂ-99ಎಂ ಅನ್ನುವ ವಿಕಿರಣ ವಸ್ತು ಸೇರಿಸಿದ ಎಂಡಿಪಿ ಅನ್ನುವ ಔಷಧ ಕೊಡುತ್ತಾರೆ. ಚುಚ್ಚುತ್ತಿದ್ದಂತೆ ಒಂದು ಚಿತ್ರ, ಕೆಲವು ನಿಮಿಷಕ್ಕೆ ಇನ್ನೊಂದು, ಸುಮಾರು ಮೂರು ಗಂಟೆ ಬಿಟ್ಟು ಕೊನೆಯದು. ಉಪವಾಸ ಬೇಡ, ಚೆನ್ನಾಗಿ ನೀರು ಕುಡಿದರೆ ಸಾಕು. ಇದರಲ್ಲಿ ಏನೂ ಕಾಣದಿದ್ದರೆ ಮೂಳೆ ಸೋಂಕು ಬಹುಮಟ್ಟಿಗೆ ಇಲ್ಲ ಅಂತ ಧೈರ್ಯ ಮಾಡಬಹುದು. ಕಂಡರೆ ಮಾತ್ರ ಫಜೀತಿ. ಮುರಿದ ಮೂಳೆ, ಸಂಧಿವಾತ, ಹೊಸದಾಗಿ ಹಾಕಿದ ಕೀಲು ಎಲ್ಲವೂ ಹಾಗೇ ಕಾಣುತ್ತವೆ. ಸೊಂಟದ ಕೀಲು ಬದಲಾಯಿಸಿದ ಮೇಲೆ ಒಂದು ವರ್ಷವೋ ಅದಕ್ಕೂ ಮೇಲೋ, ಸೋಂಕು ಇಲ್ಲದೆಯೂ ಬೋನ್ ಸ್ಕ್ಯಾನಿನಲ್ಲಿ ಅಲ್ಲಿ ಟ್ರೇಸರ್ ಸೇರಿ ಕಪ್ಪಾಗಿ ಕಾಣಬಹುದು.

ಬಿಳಿ ರಕ್ತಕಣದ ಸ್ಕ್ಯಾನ್, ಅಂದರೆ ಡಬ್ಲ್ಯುಬಿಸಿ ಸ್ಕ್ಯಾನ್, ನನಗೆ ಬಹಳ ಇಷ್ಟವಾದ ಪರೀಕ್ಷೆ, ಬಹಳ ತಾಪತ್ರಯದ್ದೂ ಹೌದು. ನಿಮ್ಮ ರಕ್ತವನ್ನೇ 40ರಿಂದ 60 ಮಿಲಿಲೀಟರ್ ತೆಗೆಯುತ್ತಾರೆ. ಹೆಪ್ಪುಗಟ್ಟದ ಹಾಗೆ ಔಷಧ ಬೆರೆಸಿ, ಕೆಂಪು ಕಣಗಳು ಕೆಳಗೆ ಕೂರಲು ಬಿಟ್ಟು, ಬಿಳಿ ಕಣಗಳನ್ನು ಬೇರೆ ಮಾಡಿ, ಅವಕ್ಕೆ ಎಚ್‌ಎಂಪಿಎಒ ಅನ್ನುವ ವಸ್ತುವಿನ ಮೂಲಕ ಟೆಕ್ನೀಷಿಯಂ ಸೇರಿಸುತ್ತಾರೆ. ಇದಕ್ಕೆಲ್ಲ ಎರಡು ಮೂರು ಗಂಟೆ ಬೇಕು, ಸೋಂಕು ತಗಲದ ಪೆಟ್ಟಿಗೆಯೊಳಗೆ ಕೈಯಾಡಿಸಿ ಮಾಡಬೇಕಾದ ಕೆಲಸ. ಆಮೇಲೆ ಅದೇ ಕಣಗಳನ್ನು ವಾಪಸು ನಿಮಗೇ ಚುಚ್ಚುತ್ತಾರೆ. ಅವು ತಮ್ಮ ಅಭ್ಯಾಸದಂತೆ ಸೋಂಕು ಇರುವ ಕಡೆ ನಡೆಯುತ್ತವೆ. ಚಿತ್ರ ಮೂರು ಸಲ: ಒಂದು ಗಂಟೆಯೊಳಗೆ, ಮೂರು ನಾಲ್ಕು ಗಂಟೆಗೆ, ಮತ್ತೆ ಮಾರನೇ ದಿನ 20ರಿಂದ 24 ಗಂಟೆಗೆ.

ಮಾರನೇ ದಿನದ ಚಿತ್ರಕ್ಕೆ ‘ಇವತ್ತೇ ಮುಗಿಸಿಬಿಡಿ ಸಾರ್, ಊರು ದೂರ’ ಅಂತ ಎಷ್ಟೋ ಜನ ಬೇಡಿಕೊಳ್ಳುತ್ತಾರೆ. ಬೇಡ, ಉಳಿದುಕೊಳ್ಳಿ. ಇಡೀ ಪರೀಕ್ಷೆಯ ಜೀವ ಇರುವುದೇ ಆ ಚಿತ್ರದಲ್ಲಿ. ಸೋಂಕು ಇದ್ದರೆ ಆ ಜಾಗದಲ್ಲಿ ಕಣಗಳು ಹೊತ್ತು ಕಳೆದಂತೆ ಇನ್ನೂ ಇನ್ನೂ ಸೇರುತ್ತವೆ, ಗುರುತು ದಪ್ಪವಾಗುತ್ತದೆ ಇಲ್ಲವೇ ಹರಡುತ್ತದೆ. ಬರೀ ಉರಿಯೂತ ಆಗಿದ್ದರೆ ಮೊದಲು ಕಂಡದ್ದು ಹಾಗೇ ಇರುತ್ತದೆ ಅಥವಾ ಮಸುಕಾಗುತ್ತದೆ. ಸೋಂಕನ್ನೂ ಬರೀ ಉರಿಯೂತವನ್ನೂ ಬೇರೆ ಮಾಡುವ ತಾಕತ್ತು ಇದಕ್ಕೆ ಇರುವಷ್ಟು ಪೆಟ್‌ಗೆ ಇಲ್ಲ. ಕೃತಕ ಮಂಡಿ, ಸೊಂಟದ ಕೀಲಿಗೆ ಇದರ ಜೊತೆ ಮೂಳೆಮಜ್ಜೆಯ ಸ್ಕ್ಯಾನ್ ಒಂದನ್ನೂ ಮಾಡುತ್ತಾರೆ. ಬಿಳಿ ಕಣ ಮಜ್ಜೆಗೂ ಹೋಗುತ್ತದಲ್ಲ, ಹಾಗಾಗಿ ಮಜ್ಜೆ ಇರುವ ಜಾಗ ಯಾವುದು, ಸೋಂಕಿನ ಜಾಗ ಯಾವುದು ಅಂತ ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡಬೇಕು.

ಇದರ ದೌರ್ಬಲ್ಯಗಳೂ ಇವೆ. ಬೆನ್ನುಮೂಳೆಗೆ ಇದು ಸರಿಯಿಲ್ಲ. ಸೋಂಕು ಇದ್ದರೂ ಎಷ್ಟೋ ಸಲ ಆ ಜಾಗ ಖಾಲಿಯಾಗಿ ಕಾಣುತ್ತದೆ. ರಕ್ತದಲ್ಲಿ ಬಿಳಿ ಕಣ 2,000ಕ್ಕಿಂತ ಕಡಿಮೆ ಇದ್ದರೆ ಮಾಡಲು ಸಾಕಾಗುವುದಿಲ್ಲ. ಹೊಟ್ಟೆಯಲ್ಲಿ ಕೆಲವು ಗಂಟೆಯ ಮೇಲೆ ಟ್ರೇಸರ್ ತಾನಾಗಿಯೇ ಕರುಳಿಗೆ ಬರುವುದರಿಂದ ಕರುಳಿನ ಉರಿಯೂತ ನೋಡಬೇಕಾದರೆ ಬೇಗನೆ ತೆಗೆದ ಚಿತ್ರಗಳನ್ನೇ ನಂಬಬೇಕು. ಮತ್ತೆ ಎಲ್ಲ ಊರಿನಲ್ಲೂ ಇದನ್ನು ಮಾಡುವುದಿಲ್ಲ, ಮೊದಲೇ ಫೋನ್ ಮಾಡಿ ವಿಚಾರಿಸಿ. ಇಂಡಿಯಂ-111 ಬಳಸಿ ಮಾಡುವ ಇದರ ಹಳೆಯ ರೂಪವನ್ನು ಥಾಕೂರ್, ಮಕಾಫಿ ಮುಂತಾದವರು 1970ರ ದಶಕದಲ್ಲಿ ತಂದರು. ಟೆಕ್ನೀಷಿಯಂ ಅನುಕೂಲ ಅಂತ ಈಗ ಅದೇ ಜಾಸ್ತಿ ಬಳಕೆಯಲ್ಲಿದೆ. ಮಾಲಿಬ್ಡಿನಂ-99 ತುಂಬಿದ ಜನರೇಟರ್ ಅನ್ನುವ ಪೆಟ್ಟಿಗೆ ವಿಭಾಗದಲ್ಲೇ ಇರುತ್ತದೆ, ಅದರಿಂದ ಹಸು ಕರೆದ ಹಾಗೆ ದಿನಾ ಬೆಳಗ್ಗೆ ಟೆಕ್ನೀಷಿಯಂ ತೆಗೆದುಕೊಳ್ಳಬಹುದು.

ಗ್ಯಾಲಿಯಂ-67 ಇನ್ನೂ ಹಳೆಯದು. ಅರ್ಧಾಯುಷ್ಯವೇ, ಅಂದರೆ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಸಮಯವೇ, 78 ಗಂಟೆ, ಚಿತ್ರಕ್ಕೆ ಎರಡು ಮೂರು ದಿನ ಓಡಾಡಬೇಕು, ವಿಕಿರಣವೂ ಹೆಚ್ಚು. ಪೆಟ್ ಬಂದ ಮೇಲೆ ಇದು ಹೆಚ್ಚುಕಡಿಮೆ ಮೂಲೆ ಸೇರಿದೆ.

ಎಫ್‌ಡಿಜಿ ಪೆಟ್ ಸಿಟಿ ಈಗ ಎಲ್ಲರ ಬಾಯಲ್ಲಿರುವ ಸ್ಕ್ಯಾನ್. ಎಫ್‌ಡಿಜಿ ಅಂದರೆ ಫ್ಲೋರಿನ್-18 ಸೇರಿಸಿದ ಒಂದು ಬಗೆಯ ಸಕ್ಕರೆ. ಸಕ್ಕರೆಗೆ ಹಸಿದ ಕಣಗಳು ಅದನ್ನು ಒಳಗೆ ಎಳೆದುಕೊಳ್ಳುತ್ತವೆ, ಆದರೆ ಮುಂದೆ ಅರಗಿಸಲು ಆಗದೆ ಅದು ಅಲ್ಲೇ ಉಳಿಯುತ್ತದೆ. ಸೋಂಕಿನ ಜಾಗದ ಬಿಳಿ ಕಣ, ಉರಿಯೂತದ ಕಣ, ಕ್ಯಾನ್ಸರ್ ಕಣ ಮೂವರೂ ಸಕ್ಕರೆ ಪ್ರಿಯರು. ಒಂದೇ ದಿನದಲ್ಲಿ ಮುಗಿಯುತ್ತದೆ, ತಲೆಯಿಂದ ತೊಡೆಯವರೆಗೆ, ಬೇಕಾದರೆ ಪಾದದವರೆಗೆ ಒಟ್ಟಿಗೇ ನೋಡಬಹುದು, ಚಿತ್ರವೂ ಸ್ಪಷ್ಟ. ಬೆನ್ನುಮೂಳೆ ಸೋಂಕಿಗೆ ಎಂಆರ್‌ಐ ಆಗದಿದ್ದರೆ ಅಥವಾ ಅದರಲ್ಲಿ ಗೊಂದಲ ಇದ್ದರೆ ಇದೇ ಒಳ್ಳೆಯದು. ಕೃತಕ ಹೃದಯ ಕವಾಟದ ಸೋಂಕಿಗೆ ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿ 2015ರಲ್ಲಿ ಇದನ್ನು ಸೇರಿಸಿಕೊಂಡಿತು. ಪಾಲಿಸಿಸ್ಟಿಕ್ ಕಿಡ್ನಿ ಇರುವವರಲ್ಲಿ ಹತ್ತಾರು ನೀರುಗುಳ್ಳೆಗಳ ನಡುವೆ ಸೋಂಕಾದದ್ದು ಯಾವುದು ಅಂತ ಹುಡುಕಲು ಇದಕ್ಕೆ ಸಾಟಿಯಿಲ್ಲ.

ಚಿಕ್ಕ ಮಕ್ಕಳಿಗೆ ಮೂತ್ರದ ಸೋಂಕು ಪದೇ ಪದೇ ಬಂದರೆ ಬರೆಯುವ ಡಿಎಂಎಸ್‌ಎ ಸ್ಕ್ಯಾನ್ ಬೇರೆಯೇ. ಅಲ್ಲಿ ಕಿಡ್ನಿಯಲ್ಲಿ ಪೆಟ್ಟಾದ ಜಾಗ ಟ್ರೇಸರ್ ಹಿಡಿಯದೆ ಖಾಲಿ ಕಾಣುತ್ತದೆ. ಕಲೆ ಉಳಿದಿದೆಯಾ ಅಂತ ನೋಡಬೇಕಾದರೆ ಸೋಂಕು ವಾಸಿಯಾಗಿ ಕೆಲವು ತಿಂಗಳು ಬಿಟ್ಟು ಮಾಡುತ್ತಾರೆ, ಅವಸರ ಮಾಡಬೇಡಿ.

ಬ್ಯಾಕ್ಟೀರಿಯಾವನ್ನೇ ಹಿಡಿಯುವ ಟ್ರೇಸರ್ ಇಲ್ಲವಾ ಅಂತ ಕೇಳಬಹುದು. ಆ ಹುಡುಕಾಟ ಹಳೆಯದು. ಸಿಪ್ರೋಫ್ಲಾಕ್ಸಸಿನ್ ಮಾತ್ರೆ ಗೊತ್ತಲ್ಲ, ಅದಕ್ಕೇ ಟೆಕ್ನೀಷಿಯಂ ಸೇರಿಸಿ 1990ರ ದಶಕದಲ್ಲಿ ಬಹಳ ಆಸೆ ಹುಟ್ಟಿಸಿದರು. ಆಮೇಲೆ ನೋಡಿದರೆ ಸೋಂಕು ಇಲ್ಲದ ಕಡೆಯೂ ಅದು ಸೇರುತ್ತಿತ್ತು. ಯುಬಿಐ ಅನ್ನುವ ಪುಟ್ಟ ಪ್ರೋಟೀನ್ ತುಣುಕು ಇನ್ನೊಂದು ಪ್ರಯತ್ನ, ನಮ್ಮ ದೇಶದಲ್ಲೂ ಅದರ ಮೇಲೆ ಕೆಲಸ ನಡೆದಿದೆ. ನಿಮಗೆ ಬರೆದುಕೊಟ್ಟ ಚೀಟಿಯಲ್ಲಿ ಇವು ಇರುವ ಸಂಭವ ಕಡಿಮೆ, ಸುಮ್ನೆ ತಿಳಿದಿರಲಿ ಅಂತ ಹೇಳಿದೆ.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ

ಫೋನಿನಲ್ಲೇ ಇಷ್ಟು ಹೇಳಿಬಿಡಿ. ಶುಗರ್ ಇದೆಯಾ, ಯಾವ ಮಾತ್ರೆ, ಇನ್ಸುಲಿನ್ ಎಷ್ಟು ಹೊತ್ತಿಗೆ. ಗರ್ಭಿಣಿಯಾಗಿರುವ ಸಾಧ್ಯತೆ ಇದೆಯಾ, ಮುಟ್ಟು ಮುಂದೆ ಹೋಗಿದೆಯಾ. ಹಾಲುಣಿಸುತ್ತಿದ್ದೀರಾ. ಇತ್ತೀಚೆಗೆ ಯಾವ ಆಪರೇಷನ್ ಆಗಿದೆ, ಯಾವ ತಾರೀಖು. ಆಂಟಿಬಯೋಟಿಕ್ ಎಷ್ಟು ದಿನದಿಂದ. ಸ್ಟೀರಾಯ್ಡ್ ನಡೆಯುತ್ತಿದೆಯಾ. ಲಸಿಕೆ ಏನಾದರೂ ಹಾಕಿಸಿದ್ದೀರಾ, ಯಾವ ತೋಳಿಗೆ. ಲಸಿಕೆಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ಕೋವಿಡ್ ಲಸಿಕೆ ಹಾಕಿಸಿಕೊಂಡವರ ಕಂಕುಳ ಗ್ರಂಥಿಗಳು ವಾರಗಟ್ಟಲೆ ಪೆಟ್‌ನಲ್ಲಿ ಕಾಣಿಸಿಕೊಂಡು ಎಷ್ಟೋ ಜನರನ್ನು ಹೆದರಿಸಿವೆ.

ಸ್ಟೀರಾಯ್ಡ್ ವಿಷಯ ಮುಖ್ಯ. ದೊಡ್ಡ ರಕ್ತನಾಳಗಳ ಉರಿಯೂತಕ್ಕೆ, ಉದಾಹರಣೆಗೆ ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ಕಾಣುವ ಟಾಕಯಾಸು ಕಾಯಿಲೆಗೆ, ಸ್ಟೀರಾಯ್ಡ್ ಶುರು ಮಾಡುವ ಮೊದಲು ಅಥವಾ ಶುರುವಾಗಿ ಮೂರು ದಿನದೊಳಗೆ ಪೆಟ್ ಆದರೆ ಒಳ್ಳೆಯದು. ದಿನ ಕಳೆದಂತೆ ಗುರುತು ಮಸುಕಾಗುತ್ತದೆ. ಹಾಗಂತ ಸ್ಕ್ಯಾನಿಗೋಸ್ಕರ ನೀವೇ ಸ್ಟೀರಾಯ್ಡ್ ನಿಲ್ಲಿಸಬೇಡಿ, ಆಂಟಿಬಯೋಟಿಕ್ಕನ್ನೂ ನಿಲ್ಲಿಸಬೇಡಿ. ದೃಷ್ಟಿಗೋ ಹೃದಯಕ್ಕೋ ಅಪಾಯ ಇದ್ದಾಗ ಚಿಕಿತ್ಸೆ ಕಾಯುವುದಿಲ್ಲ, ಸ್ಕ್ಯಾನ್ ಕಾಯುತ್ತದೆ. ತೀರ್ಮಾನ ಬರೆದುಕೊಟ್ಟ ಡಾಕ್ಟರದು.

ಖರ್ಚಿನ ಬಗ್ಗೆಯೂ ಆಗಲೇ ಕೇಳಿ. ಆಯುಷ್ಮಾನ್ ಕಾರ್ಡಿನಲ್ಲಿ, ಇನ್ಶೂರೆನ್ಸಿನಲ್ಲಿ ಬರುತ್ತದಾ, ಅನುಮತಿ ಪತ್ರ ಬೇಕಾ ಅಂತ. ಇಂಜೆಕ್ಷನ್ ಆದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಹಿಂದಿನ ದಿನ

ಇದು ಪೆಟ್ ಮಾಡಿಸುವವರಿಗೆ. ಜಾಸ್ತಿ ಎಡವಟ್ಟು ಆಗುವುದು ಇಲ್ಲೇ.

ಹಿಂದಿನ ದಿನದಿಂದಲೇ ಜಿಮ್, ಓಟ, ಗದ್ದೆ ಕೆಲಸ, ಭಾರ ಹೊರುವುದು ಬೇಡ. ಕೆಲಸ ಮಾಡಿದ ಮಾಂಸಖಂಡ ಸಕ್ಕರೆ ಎಳೆದುಕೊಳ್ಳುತ್ತದೆ, ಚಿತ್ರದ ತುಂಬ ಅದೇ ಕಾಣುತ್ತದೆ. ಬೆಳಗಿನ ವಾಕಿಂಗೂ ಆ ದಿನ ಬಿಡಿ. ಸ್ಕ್ಯಾನಿಗೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಮೊದಲಿನಿಂದ ಏನೂ ತಿನ್ನಬಾರದು. ನೀರು ಕುಡಿಯಬಹುದು, ಕುಡಿಯಲೇಬೇಕು. ಕಾಫಿ ಟೀ ಬೇಡ, ‘ಸಕ್ಕರೆ ಇಲ್ಲದ ಕಾಫಿ’ ಅಂದರೂ ಅದರಲ್ಲಿ ಹಾಲು ಇದೆ. ಎಳನೀರೂ ಬೇಡ. ಎಲೆ ಅಡಿಕೆ, ಚೂಯಿಂಗ್ ಗಮ್ ಏನನ್ನೂ ಬಾಯಿಗೆ ಹಾಕಬೇಡಿ, ಅಗಿದರೆ ದವಡೆಯ ಮಾಂಸಖಂಡ ಎದ್ದು ಕಾಣುತ್ತದೆ.

ಶುಗರ್ ಇರುವವರು ಬೆಳಗಿನ ಅಪಾಯಿಂಟ್‌ಮೆಂಟ್ ಕೇಳಿ ಪಡೆಯಿರಿ. ರಕ್ತದ ಸಕ್ಕರೆ 200 ಮಿಲಿಗ್ರಾಂ ಒಳಗೆ ಇರಲಿ ಅನ್ನುತ್ತಾರೆ. ಸೋಂಕು ಇದ್ದಾಗ ಶುಗರ್ ಏರುವುದು ಸಹಜ, ಹಾಗಾಗಿ ಸೋಂಕಿನ ಸ್ಕ್ಯಾನಿಗೆ ಸ್ವಲ್ಪ ಜಾಸ್ತಿ ಇದ್ದರೂ ಕೆಲವು ಸಲ ಮುಂದುವರಿಯುತ್ತಾರೆ. ಆದರೆ ಹಾಗೆ ಬಂದೀತು ಅಂತ ನೆಚ್ಚಿಕೊಂಡು ಕೂರಬೇಡಿ. ಬೇಗ ಕೆಲಸ ಮಾಡುವ ಇನ್ಸುಲಿನ್ ಹಾಕಿಕೊಂಡು ತಕ್ಷಣ ಟ್ರೇಸರ್ ಕೊಟ್ಟರೆ ಎಲ್ಲವೂ ಮಾಂಸಖಂಡಕ್ಕೇ ಹೋಗುತ್ತದೆ, ಅದಕ್ಕೇ ನಡುವೆ ಕೆಲವು ಗಂಟೆ ಅಂತರ ಇರಬೇಕು. ಮೆಟ್‌ಫಾರ್ಮಿನ್ ಕರುಳನ್ನು ಪೂರ್ತಿ ಬೆಳಗಿಸುತ್ತದೆ. ಹೊಟ್ಟೆಯೊಳಗೆ ಹುಡುಕುವುದಿದ್ದರೆ ಎರಡು ದಿನ ನಿಲ್ಲಿಸಲು ಹೇಳಬಹುದು. ಹೇಳಿದರೆ ಮಾತ್ರ ನಿಲ್ಲಿಸಿ.

ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿರುವವರ ಮನೆಯವರಿಗೆ ಒಂದು ಕಿವಿಮಾತು: ಡ್ರಿಪ್ ಬಾಟಲಿ ನೋಡಿ. ಬಾಯಿಗೆ ಏನೂ ಹಾಕದೆ ರಾತ್ರಿಯೆಲ್ಲ ಉಪವಾಸ ಮಾಡಿಸಿ, ಕೈಯಲ್ಲಿ ಡೆಕ್ಸ್‌ಟ್ರೋಸ್ (ಅದೂ ಸಕ್ಕರೆಯೇ) ಡ್ರಿಪ್ ಹೋಗುತ್ತಿದ್ದರೆ ಉಪವಾಸ ಎಲ್ಲಿ ಬಂತು? ನರ್ಸ್‌ಗೆ ಕೇಳಿ ಬರೀ ಸಲೈನ್‌ಗೆ ಬದಲಾಯಿಸಲು ಡಾಕ್ಟರ ಒಪ್ಪಿಗೆ ಪಡೆಯಿರಿ.

ಹೃದಯ ನೋಡುವುದಿದ್ದರೆ, ಅಂದರೆ ಕವಾಟದ ಸೋಂಕು ಅಥವಾ ಹೃದಯದ ಸಾರ್ಕಾಯ್ಡ್ ಅಂತ ಅನುಮಾನ ಇದ್ದರೆ, ತಯಾರಿ ಪೂರ್ತಿ ಬೇರೆ. ಹೃದಯ ಸಹಜವಾಗಿಯೇ ಸಕ್ಕರೆ ಬಳಸುತ್ತದೆ, ಅದು ಬೆಳಗಿದರೆ ಪಕ್ಕದ ಸೋಂಕು ಕಾಣುವುದಿಲ್ಲ. ಅದಕ್ಕೆ ಹೃದಯವನ್ನು ಒಂದು ದಿನ ಕೊಬ್ಬಿನ ಮೇಲೆ ಓಡುವಂತೆ ಮಾಡಬೇಕು. ಹಿಂದಿನ ದಿನ ಎರಡು ಹೊತ್ತಾದರೂ ಅನ್ನ, ಮುದ್ದೆ, ಚಪಾತಿ, ದೋಸೆ, ಬೇಳೆ, ಹಣ್ಣು, ಹಾಲು, ಸಕ್ಕರೆ, ಬೆಲ್ಲ ಯಾವುದೂ ಇಲ್ಲ. ಮೊಟ್ಟೆ, ಕೋಳಿ, ಮೀನು, ತುಪ್ಪ, ಬೆಣ್ಣೆ ಆಗುತ್ತದೆ, ಮೀನಿಗೆ ರವೆ ಹಿಟ್ಟು ಹಚ್ಚಿ ಹುರಿಯುವ ಹಾಗಿಲ್ಲ. ಸಸ್ಯಾಹಾರಿಗಳಿಗೆ ಇದು ಕಷ್ಟವೇ. ತುಪ್ಪದಲ್ಲಿ ಹುರಿದ ಪನೀರ್ ಒಂದು ದಾರಿ, ಉಳಿದದ್ದಕ್ಕೆ ವಿಭಾಗದವರು ಕೊಡುವ ಪಟ್ಟಿಯನ್ನೇ ಹಿಡಿಯಿರಿ. ಆಮೇಲೆ 12 ಗಂಟೆಗೂ ಮೀರಿ ಉಪವಾಸ. ತಿಂದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ‘ಒಂದೇ ಒಂದು ಬಾಳೆಹಣ್ಣು’ ತಿಂದಿದ್ದರೂ ಬರೆಯಿರಿ, ಅದಕ್ಕಾಗಿ ದಿನ ಮುಂದೆ ಹಾಕುವುದು ಸ್ಕ್ಯಾನ್ ವ್ಯರ್ಥ ಆಗುವುದಕ್ಕಿಂತ ಮೇಲು.

ಬೋನ್ ಸ್ಕ್ಯಾನಿಗೂ ಡಬ್ಲ್ಯುಬಿಸಿ ಸ್ಕ್ಯಾನಿಗೂ ಈ ಯಾವ ಕಟ್ಟುಪಾಡೂ ಇಲ್ಲ.

ಸ್ಕ್ಯಾನಿನ ದಿನ

ಪೆಟ್ ಮಾಡಿಸುವವರು ತಡ ಮಾಡಬೇಡಿ. ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ. ಬೆಳಗ್ಗೆ ವಿಕಿರಣ ವಸ್ತು ತಯಾರಿಸುವ ಯಂತ್ರವಾದ ಸೈಕ್ಲೋಟ್ರಾನ್‌ನಲ್ಲಿ ತಯಾರಾಗಿ ರಸ್ತೆ ಮೇಲೆ ಬಂದ ಔಷಧ ನೀವು ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಸಿಕ್ಕಿಕೊಂಡರೆ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಹಳೆಯ ಸ್ಕ್ಯಾನ್‌ಗಳು, ಸಿಡಿ, ರಕ್ತ ಪರೀಕ್ಷೆ, ಆಪರೇಷನ್ ನೋಟ್ ಎಲ್ಲ ತನ್ನಿ. ಬೆಚ್ಚಗಿನ ಬಟ್ಟೆ ಹಾಕಿಕೊಳ್ಳಿ. ಕೋಣೆ ತಣ್ಣಗಿರುತ್ತದೆ, ಚಳಿಯಾದರೆ ಕತ್ತು ಮತ್ತು ಭುಜದ ಸುತ್ತಲ ಕಂದು ಕೊಬ್ಬು ಶಾಖಕ್ಕೆ ಅಂತ ಸಕ್ಕರೆ ಎಳೆದುಕೊಂಡು ಚಿತ್ರದಲ್ಲಿ ಬರುತ್ತದೆ.

ಮೊದಲು ಬೆರಳು ಚುಚ್ಚಿ ಶುಗರ್ ನೋಡುತ್ತಾರೆ. ಕೈಗೆ ಸೂಜಿ. ಸೀಸದ ಹೊದಿಕೆಯ ಸಿರಿಂಜ್ ನೋಡಿ ಹೆದರಬೇಡಿ, ದಿನಾ ಹತ್ತಾರು ಜನಕ್ಕೆ ಕೊಡುವ ಸಿಬ್ಬಂದಿಯ ರಕ್ಷಣೆಗೆ ಅದು. ಔಷಧ ಒಳಗೆ ಹೋದದ್ದೂ ಗೊತ್ತಾಗುವುದಿಲ್ಲ. ಆಮೇಲೆ ಒಂದು ಗಂಟೆ ಸುಮ್ಮನೆ ಮಲಗಿರಬೇಕು. ಮೊಬೈಲ್ ಉಜ್ಜುವುದು, ಮಾತು, ಓಡಾಟ ಬೇಡ. ಮೂತ್ರ ಮಾಡಿ ಬಂದು ಯಂತ್ರದ ಮೇಲೆ ಮಲಗಿದರೆ ಅರ್ಧ ಗಂಟೆಯೊಳಗೆ ಚಿತ್ರ ಮುಗಿಯುತ್ತದೆ.

ಡಬ್ಲ್ಯುಬಿಸಿ ಸ್ಕ್ಯಾನ್ ಆದರೆ ಒಂದು ಕೆಲಸ ನೀವೇ ಮಾಡಿ. ವಾಪಸು ಕಣ ಚುಚ್ಚುವ ಮೊದಲು ನಿಮ್ಮ ಪೂರ್ತಿ ಹೆಸರು, ಆಸ್ಪತ್ರೆ ನಂಬರ್ ಜೋರಾಗಿ ಹೇಳಿ, ಸಿರಿಂಜಿನ ಚೀಟಿಯಲ್ಲಿ ಅದೇ ಇದೆಯಾ ಅಂತ ನೋಡಿ. ಇದು ರಕ್ತ ಕೊಟ್ಟ ಹಾಗೆಯೇ. ಒಬ್ಬರದು ಇನ್ನೊಬ್ಬರಿಗೆ ಹೋದರೆ ಎಚ್‌ಐವಿ, ಹೆಪಟೈಟಿಸ್‌ನಂಥ ಸೋಂಕು ದಾಟುವ ಅಪಾಯ ಇದೆ. ಸಿಬ್ಬಂದಿ ಹೇಗೂ ಪರೀಕ್ಷಿಸುತ್ತಾರೆ, ನೀವು ಕೇಳಿದಿರಿ ಅಂತ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೂ ಕೇಳಿ.

ಕಿಡ್ನಿ ಕಾಯಿಲೆ ಇರುವವರು ಕೇಳುವ ಪ್ರಶ್ನೆ: ಈ ‘ಡೈ’ ಕಿಡ್ನಿಗೆ ತೊಂದರೆ ಅಲ್ವಾ? ಟ್ರೇಸರ್ ಬೇರೆ, ಸಿಟಿಗೆ ಕೊಡುವ ಕಾಂಟ್ರಾಸ್ಟ್ ಬೇರೆ. ಟ್ರೇಸರಿನ ತೂಕ ತೀರಾ ಅತ್ಯಲ್ಪ, ಅದರಿಂದ ಕಿಡ್ನಿಗೆ ಪೆಟ್ಟಿಲ್ಲ, ಅಲರ್ಜಿ ಬಹಳ ಅಪರೂಪ. ಪೆಟ್ ಜೊತೆ ಕಾಂಟ್ರಾಸ್ಟ್ ಸಿಟಿಯನ್ನೂ ಸೇರಿಸುತ್ತಾರಾ ಅಂತ ಮಾತ್ರ ಕೇಳಿ, ಸೇರಿಸುವುದಿದ್ದರೆ ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ತೋರಿಸಿ.

ವಿಕಿರಣದ ಲೆಕ್ಕ, ಮನೆಗೆ ಬಂದ ಮೇಲೆ

ಭೂಮಿಯ ಮೇಲೆ ಸುಮ್ಮನೆ ಬದುಕಿದ್ದಕ್ಕೇ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣ ಅಳೆಯುವ ಮಾನ) ವಿಕಿರಣ ಬರುತ್ತದೆ. ಎಫ್‌ಡಿಜಿಯಿಂದ ಸುಮಾರು 5ರಿಂದ 7, ಜೊತೆಯ ಸಿಟಿಯದು ಬೇರೆ. ಟೆಕ್ನೀಷಿಯಂ ಡಬ್ಲ್ಯುಬಿಸಿ ಸ್ಕ್ಯಾನಿನಿಂದಲೂ ಹೆಚ್ಚುಕಡಿಮೆ ಅಷ್ಟೇ, ಬೋನ್ ಸ್ಕ್ಯಾನಿನಿಂದ ಅದಕ್ಕಿಂತ ಸ್ವಲ್ಪ ಕಡಿಮೆ. ಗ್ಯಾಲಿಯಂ-67 ಮಾತ್ರ 15 ದಾಟುತ್ತದೆ. ಹಾಗಾಗಿ ಸುಮ್ಮನೆ ‘ಒಂದು ಸಲ ನೋಡಿಬಿಡೋಣ’ ಅಂತ ಮಾಡಿಸುವ ಪರೀಕ್ಷೆ ಇದಲ್ಲ, ಬೇಕಾದಾಗ ಹೆದರಿ ಬಿಡುವ ಪರೀಕ್ಷೆಯೂ ಅಲ್ಲ. ನಮ್ಮ ದೇಶದಲ್ಲಿ ಈ ವಿಭಾಗಗಳಿಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಇರಲೇಬೇಕು.

ಮನೆಗೆ ಹೋದ ಮೇಲೆ ಚೆನ್ನಾಗಿ ನೀರು ಕುಡಿದು, ಆಗಾಗ ಮೂತ್ರ ಮಾಡಿ. ಟ್ರೇಸರಿನ ಒಂದು ಭಾಗ ಹೊರಗೆ ಹೋಗುವುದು ಆ ದಾರಿಯಲ್ಲೇ. ಅಂದಿನ ಮಟ್ಟಿಗೆ ಎಳೆಮಕ್ಕಳನ್ನು ಮಡಿಲಲ್ಲಿ ಹೊತ್ತುಗಟ್ಟಲೆ ಕೂರಿಸಿಕೊಳ್ಳಬೇಡಿ, ಗರ್ಭಿಣಿಯರ ಪಕ್ಕ ಅಂಟಿಕೊಂಡು ಕೂರಬೇಡಿ. ತಟ್ಟೆ ಲೋಟ ಬೇರೆ ಇಡುವುದು, ಮೂಲೆ ಕೋಣೆಯಲ್ಲಿ ಮಲಗಿಸುವುದು, ಯಾರೂ ಮುಟ್ಟದೆ ಇರುವುದು ಇದೆಲ್ಲ ಬೇಕಿಲ್ಲ. ಎಫ್‌ಡಿಜಿ 11 ಗಂಟೆಯಲ್ಲಿ 64ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ, ಮಾರನೇ ಬೆಳಗ್ಗೆ ಲೆಕ್ಕಕ್ಕೇ ಇಲ್ಲ. ಟೆಕ್ನೀಷಿಯಂ 24 ಗಂಟೆಗೆ 16ರಲ್ಲಿ ಒಂದು ಪಾಲು.

ಹಾಲುಣಿಸುವ ತಾಯಂದಿರಿಗೆ ಎಫ್‌ಡಿಜಿಯಲ್ಲಿ ಹಾಲಿಗಿಂತ ಮಗುವನ್ನು ಎದೆಗೆ ಅಪ್ಪಿಕೊಳ್ಳುವುದರಿಂದಲೇ ವಿಕಿರಣ ಜಾಸ್ತಿ. ಮೊದಲೇ ಹಾಲು ಹಿಂಡಿಟ್ಟು ಕೆಲವು ಗಂಟೆ ಅಜ್ಜಿಯೋ ಅಪ್ಪನೋ ಕುಡಿಸಿದರೆ ಆಯಿತು. ಗ್ಯಾಲಿಯಂ-67 ಆದರೆ ವಾರಗಟ್ಟಲೆ ನಿಲ್ಲಿಸಬೇಕಾಗುತ್ತದೆ, ಅಂಥವರಿಗೆ ಬೇರೆ ಸ್ಕ್ಯಾನ್ ಆಗುತ್ತದಾ ಅಂತ ಕೇಳುವುದೇ ಜಾಣತನ. ಟೆಕ್ನೀಷಿಯಂ ಪರೀಕ್ಷೆಗಳಲ್ಲಿ ಔಷಧಕ್ಕೆ ತಕ್ಕ ಹಾಗೆ ಸಮಯ ಬೇರೆ ಬೇರೆ, ವಿಭಾಗದವರನ್ನು ಕೇಳಿ ಬರೆಸಿಕೊಳ್ಳಿ.

ಒಂದೆರಡು ದಿನದಲ್ಲೇ ವಿಮಾನ ಹತ್ತುವುದಿದ್ದರೆ ಒಂದು ಪತ್ರ ಕೇಳಿ ಪಡೆಯಿರಿ. ಕೆಲವು ನಿಲ್ದಾಣಗಳಲ್ಲಿ ವಿಕಿರಣ ಪತ್ತೆ ಯಂತ್ರಗಳಿವೆ, ಬೀಪ್ ಅಂದಾಗ ವಿವರಿಸುವುದು ಕಷ್ಟ.

ರಿಪೋರ್ಟ್ ಬಂದಾಗ

ಮೊದಲ ಸಾಲಿಗೇ ಹೋಗಿ ‘ಎಫ್‌ಡಿಜಿ ಅವಿಡ್’ ಅಂತ ನೋಡಿ ಗೂಗಲ್ ಮಾಡಿ ಅಳಲು ಕೂರಬೇಡಿ. ಆ ಜಾಗ ಸಕ್ಕರೆ ಜಾಸ್ತಿ ತೆಗೆದುಕೊಂಡಿದೆ ಅಂತ ಅಷ್ಟೇ ಅದರ ಅರ್ಥ. ‘ಫಿಸಿಯಲಾಜಿಕಲ್’ ಅಂತ ಇದ್ದರೆ ಸಹಜ ಅಂತ. ಮೆದುಳು, ಕಿಡ್ನಿ, ಮೂತ್ರಕೋಶ ಎಲ್ಲರಲ್ಲೂ ಬೆಳಗುತ್ತವೆ. ಎಸ್‌ಯುವಿ ಅನ್ನುವ, ಟ್ರೇಸರ್ ಎಷ್ಟು ಸೇರಿದೆ ಅಂತ ಹೇಳುವ ಸಂಖ್ಯೆ ಒಂದಿರುತ್ತದೆ, ಎಲ್ಲರ ಕಣ್ಣೂ ಅದರ ಮೇಲೆ. ಇಷ್ಟಕ್ಕಿಂತ ಮೇಲಿದ್ದರೆ ಕ್ಯಾನ್ಸರ್, ಕೆಳಗಿದ್ದರೆ ಸೋಂಕು ಅಂತ ಗೆರೆ ಹಾಕುವ ಸಂಖ್ಯೆ ಯಾವುದೂ ಇಲ್ಲ. ಯಾರಾದರೂ ಹಾಗೆ ಹೇಳಿದರೆ ನಂಬಬೇಡಿ.

ನಮ್ಮ ದೇಶದಲ್ಲಿ ಇದಕ್ಕೆ ಒಂದು ವಿಶೇಷ ಕಾರಣ ಇದೆ, ಟಿಬಿ. ಎದೆಯ ಗ್ರಂಥಿಗಳಲ್ಲಿ ಟಿಬಿ ಇದ್ದರೆ ಪೆಟ್‌ನಲ್ಲಿ ಅದು ಲಿಂಫೋಮಾ ಕ್ಯಾನ್ಸರಿನಷ್ಟೇ ಜೋರಾಗಿ ಬೆಳಗಬಹುದು. ಸಾರ್ಕಾಯ್ಡ್ ಆದರೂ ಹಾಗೇ. ಬೆನ್ನುಮೂಳೆಯನ್ನೇ ತೆಗೆದುಕೊಳ್ಳಿ. ಕುರಿ ಮೇಕೆ ಸಾಕುವವರು, ಕಾಯಿಸದ ಹಾಲು ಕುಡಿಯುವವರಲ್ಲಿ ಬ್ರುಸೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆನ್ನುಮೂಳೆಗೆ ಬಂದು ಕೂರುತ್ತದೆ, ಟಿಬಿಯೂ ಅಲ್ಲಿಗೇ ಬರುತ್ತದೆ. ಸ್ಕ್ಯಾನಿನಲ್ಲಿ ಎರಡೂ ಒಂದೇ ಥರ. ಔಷಧ ಮಾತ್ರ ಬೇರೆ ಬೇರೆ, ಅದೂ ತಿಂಗಳುಗಟ್ಟಲೆ. ಆದ್ದರಿಂದ ಡಾಕ್ಟರು ‘ಬಯಾಪ್ಸಿ ಮಾಡಬೇಕು’ ಅಂದಾಗ ‘ಇಷ್ಟು ದೊಡ್ಡ ಸ್ಕ್ಯಾನ್ ಮಾಡಿಸಿದ ಮೇಲೂ ಯಾಕೆ?’ ಅಂತ ರೇಗಬೇಡಿ. ಸೂಜಿ ಎಲ್ಲಿ ಹಾಕಬೇಕು ಅಂತ ಗೊತ್ತಾಗಿದ್ದೇ ಆ ಸ್ಕ್ಯಾನಿನಿಂದ. ಮೊದಲು ನೋವಿದ್ದ ಜಾಗ ಬಿಟ್ಟು, ಸುಲಭವಾಗಿ ಕೈಗೆ ಸಿಗುವ ಕತ್ತಿನ ಗ್ರಂಥಿ ಒಂದು ಬೆಳಗಿದ್ದರೆ ಅಲ್ಲಿಂದಲೇ ಮಾದರಿ ತೆಗೆಯಬಹುದು, ಎಷ್ಟು ಉಳಿತಾಯ ನೋಡಿ. ಮಾದರಿ ತೆಗೆಯುವಾಗ ಒಂದು ಭಾಗ ಕೆಡದ ಹಾಗೆ ಇಡುವ ದ್ರವವಾದ ಫಾರ್ಮಲಿನ್‌ನಲ್ಲಿ ಹೋದರೆ, ಇನ್ನೊಂದು ಭಾಗ ಫಾರ್ಮಲಿನ್ ಇಲ್ಲದೆ ಕ್ರಿಮಿ ಬೆಳೆಸಿ ನೋಡುವ ಕಲ್ಚರಿಗೂ ಟಿಬಿ ಜೀನ್ ಪರೀಕ್ಷೆಗೂ ಹೋಗುತ್ತಿದೆಯಾ ಅಂತ ಕೇಳಿಕೊಳ್ಳಿ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಯಾವ ಕ್ರಿಮಿಯೂ ಬೆಳೆಯುವುದಿಲ್ಲ.

ಇತ್ತೀಚೆಗೆ ಆಪರೇಷನ್ ಆದವರ ರಿಪೋರ್ಟನ್ನು ಇನ್ನೂ ಹುಷಾರಾಗಿ ಓದಬೇಕು. ಗಾಯ ಮಾಯುವುದೂ ಉರಿಯೂತವೇ. ಕವಾಟ ಹಾಕಿಸಿಕೊಂಡು ಮೂರು ತಿಂಗಳೊಳಗೆ ಪೆಟ್ ಮಾಡಿದರೆ ಸುತ್ತಲ ಬೆಳಕು ಸೋಂಕಿನದೋ ಹೊಲಿಗೆಯದೋ ಹೇಳುವುದು ಕಷ್ಟ. ಲೋಹದ ಸುತ್ತ, ಸಿಟಿಯ ಲೆಕ್ಕ ಹಿಡಿದು ಪೆಟ್ ಚಿತ್ರವನ್ನು ತಿದ್ದುವಾಗ ಆಗುವ ತಪ್ಪಿನಿಂದಲೂ ಸುಳ್ಳು ಬೆಳಕು ಬರುತ್ತದೆ. ಅದಕ್ಕೆ ಆ ತಿದ್ದುಪಡಿ ಇಲ್ಲದ ಚಿತ್ರಗಳನ್ನೂ ತಜ್ಞರು ನೋಡುತ್ತಾರೆ, ರಿಪೋರ್ಟಿನಲ್ಲಿ ಅದರ ಪ್ರಸ್ತಾಪ ಇದ್ದರೆ ಒಳ್ಳೆಯ ಲಕ್ಷಣ.

ಏನೂ ಸಿಗಲಿಲ್ಲ ಅಂತ ಬಂದರೆ ಹಣ ದಂಡ ಅಂದುಕೊಳ್ಳಬೇಡಿ. ಕಾರಣ ಸಿಗದ ಜ್ವರದಲ್ಲಿ ಪೆಟ್ ಖಾಲಿ ಬಂದವರಲ್ಲಿ ಜ್ವರ ತಾನಾಗಿಯೇ ಇಳಿಯುವುದು ಜಾಸ್ತಿ ಅಂತ ಕಂಡುಬಂದಿದೆ. ಸಿಕ್ಕಿ ಚಿಕಿತ್ಸೆ ಶುರುವಾದರೆ ಸಿಡಿಯನ್ನು ಜೋಪಾನವಾಗಿಡಿ, ಬರೀ ಕಾಗದದ ರಿಪೋರ್ಟ್ ಸಾಲದು. ಮುಂದೆ ಇನ್ನೊಂದು ಸ್ಕ್ಯಾನ್ ಬೇಕಾದರೆ ಆದಷ್ಟು ಅದೇ ಯಂತ್ರದಲ್ಲಿ, ಅದೇ ಥರದ ತಯಾರಿಯಲ್ಲಿ ಮಾಡಿಸಿ. ಇಲ್ಲದಿದ್ದರೆ ಎಸ್‌ಯುವಿ 8ರಿಂದ 5ಕ್ಕೆ ಇಳಿದದ್ದು ಔಷಧದಿಂದಲೋ ಯಂತ್ರ ಬದಲಾದದ್ದರಿಂದಲೋ ಯಾರಿಗೂ ಹೇಳಲಾಗುವುದಿಲ್ಲ.